ಅಟ್ಟದ ಮೇಲಿನ ಹೊನ್ನು

ನಮ್ಮ ಸೀಮೆಯವರಿಗೆ ಊರಿನ ಹೆಸರನ್ನು ಪೂರ್ತಿ ಹೇಳುವಷ್ಟು ಪುರುಸೊತ್ತಿಲ್ಲ. ಹೆಗ್ಗಡದೇವನಕೋಟೆ ಎಂದು ಬಾಯಿತುಂಬ ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋದೀತೆಂಬ ಭಯಕ್ಕೋ ಏನೋ, ಅದು ಎಚ್.ಡಿ. ಕೋಟೆಯಾಯಿತು. ಕೃಷ್ಣರಾಜನಗರ ಕೆ.ಆರ್. ನಗರವಾಯಿತು. ಕಾಡಿನಂಚಿನ ದೊಡ್ಡಬೈರನಕುಪ್ಪೆ ಡಿ.ಬಿ. ಕುಪ್ಪೆ ಎಂದು ಇಂಗ್ಲಿಷ್ ಟೋಪಿ ಹಾಕಿಕೊಂಡಿತು. ಇವನ್ನೆಲ್ಲ ಯಾರಾದರೂ ಬಿಡಿಸಿ ಹೇಳಿಯಾರು. ನಮ್ಮ ಊರು ಎನ್. ಬೇಗೂರು. ಆ ‘ಎನ್’ ಏನು ಎಂದು ಚಿಕ್ಕಂದಿನಲ್ಲಿ ನಾನು ಕಂಡಕ್ಟರನ್ನು ಕೇಳಿದ್ದೆ. ‘ನಿನ್ ಬೇಗೂರು ಕಣೋ, ಇಳಿ’ ಎಂದಿದ್ದ. ಶಾಲೆಯ ಮೇಷ್ಟ್ರು ನುಗು ಹೊಳೆಯ ಎನ್ ಎಂದರು. ಅಂಗಡಿಯವನು ‘ನಮ್ ಬೇಗೂರು’ ಎಂದ. ನನಗೆ ಅಂಗಡಿಯವನ ಮಾತೇ ಹಿಡಿಸಿತು, ಬಹುಶಃ ಜೊತೆಗೆ ಒಂದು ಪೆಪ್ಪರಮಿಂಟನ್ನೂ ಕೊಟ್ಟಿದ್ದರಿಂದ.

ಮುಂದೆ ಮೈಸೂರಿಗೆ ಓದಲು ಹೋದಾಗ ಈ ಎನ್ ಇನ್ನಷ್ಟು ಗೋಳು ಹುಯ್ದುಕೊಂಡಿತು. ಬೇಗೂರು ಎಂದ ಕೂಡಲೇ ತಿಳಿದವರು ಕಣ್ಣರಳಿಸಿ, ‘ಓ, ಶಾಸನದ ಬೇಗೂರು!’ ಎನ್ನುತ್ತಿದ್ದರು. ಸುಮಾರು ಕ್ರಿ.ಶ. 890ರಷ್ಟು ಹಿಂದೆಯೇ ಬೆಂಗಳೂರು ಎಂಬ ಹೆಸರನ್ನು ಕಲ್ಲಿನ ಮೇಲೆ ಕೊರೆದಿಟ್ಟ ಬೇಗೂರು ಅದು, ಬೆಂಗಳೂರಿನ ಮಗ್ಗುಲಿನದು. ನಮ್ಮದು ಅದಲ್ಲ. ‘ಹಾಗಾದರೆ ಗುಂಡ್ಲುಪೇಟೆ ರಸ್ತೆಯದೋ?’ ಅದೂ ಅಲ್ಲ. ‘ಮತ್ತೆ, ಹುಲಿ ಬರುತ್ತದಲ್ಲ, ಆ ಬೇಗೂರೇ?’ ಹೌದು ಸ್ವಾಮಿ, ಅದೇ. ಬಂಡೀಪುರದ ಕಾಡಿನಲ್ಲಿ ಒಂದು ವಲಯಕ್ಕೆ ನಮ್ಮೂರ ಹೆಸರಿದೆ. ಹಾಗಾಗಿ ಪತ್ರಿಕೆಯಲ್ಲಿ ನಮ್ಮ ಊರು ಕಾಣಿಸಿಕೊಳ್ಳುವುದು ಹಸುವನ್ನೋ ಮನುಷ್ಯರನ್ನೋ ಹುಲಿ ಎಳೆದೊಯ್ದಾಗ ಮಾತ್ರ.

ಇಂಥ ಊರಿನ ನಮ್ಮ ಮನೆಯ ಅಟ್ಟದ ಮೇಲೆ ಒಂದು ಓಲೆಗರಿಯ ಕಟ್ಟಿತ್ತು. ಎರಡು ಹಲಗೆಗಳ ನಡುವೆ ಗರಿಗಳನ್ನು ಪೇರಿಸಿ, ತೂತಿನೊಳಗೆ ದಾರ ಪೋಣಿಸಿ, ಕೆಂಪು ವಸ್ತ್ರದಲ್ಲಿ ಸುತ್ತಿಟ್ಟ ಕಟ್ಟು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅದು ಕೆಳಗಿಳಿಯುತ್ತಿತ್ತು. ನೇಗಿಲು, ಕುಡುಗೋಲು, ಮಚ್ಚು, ಗುದ್ದಲಿಗಳ ಸಾಲಿನಲ್ಲಿ ಅದಕ್ಕೂ ಒಂದು ಜಾಗ. ಅದಕ್ಕೂ ಕುಂಕುಮ, ಅದಕ್ಕೂ ಬೂದುಗುಂಬಳದ ಹೋಳು. ಮರುದಿನ ಕುಡುಗೋಲು ಹೊಲಕ್ಕೆ ಹೋಗುತ್ತಿತ್ತು, ಕಟ್ಟು ಅಟ್ಟಕ್ಕೆ. ಯಾರೂ ಅದನ್ನು ಓದುತ್ತಿರಲಿಲ್ಲ. ಓದಬಾರದು ಎಂದೇನೂ ಇರಲಿಲ್ಲ. ಓದಲು ಬರುತ್ತಿರಲಿಲ್ಲ, ಅಷ್ಟೆ. ಆದರೆ ಬರುವುದಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಬಾರದು ಎನ್ನುವುದು ಮನೆತನದ ಮರ್ಯಾದೆಗೆ ಒಳ್ಳೆಯದು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ ಗರಿಗಳು ಶತಮಾನಗಟ್ಟಲೆ ಬರೀ ದರ್ಶನಕ್ಕೆ ಇದ್ದುವಂತೆ. ಪ್ರಾಕೃತ ಭಾಷೆ, ಹಳಗನ್ನಡ ಲಿಪಿ. ಭಕ್ತರು ಬಂದು ಕೈಮುಗಿದು ಹೋಗುತ್ತಿದ್ದರು. ಧವಲಾ ಅಚ್ಚಾಗಿ ಹೊರಬರಲು ತೊಡಗಿದ್ದು 1939ರಲ್ಲಿ. ಅಂಥ ಮಹಾಗ್ರಂಥಕ್ಕೇ ಆ ಪಾಡು ಬಂದ ಮೇಲೆ ನಮ್ಮ ಅಟ್ಟದ ಕಟ್ಟಿನದೇನು!

ಕಟ್ಟಿನ ಬಗ್ಗೆ ಮನೆಯಲ್ಲಿ ಒಂದು ಕಥೆಯಿತ್ತು. ನಮ್ಮ ತಾತನ ಅಣ್ಣ, ದೊಡ್ಡಜ್ಜ, ನಾಲ್ಕಕ್ಷರ ಕಲಿತವನು. ಒಂದು ಮಳೆಗಾಲದ ಮಧ್ಯಾಹ್ನ ಮಾಡಲು ಬೇರೆ ಕೆಲಸವಿಲ್ಲದೆ ಕಟ್ಟು ಬಿಚ್ಚಿದನಂತೆ. ಕೊನೆಯ ಗರಿಗಳಲ್ಲೊಂದರಲ್ಲಿ ಅವನಿಗೆ ಮೂರೇ ಮೂರು ಮಾತು ತಿಳಿದವು: ಹೊನ್ನ, ಬುಡ, ತೆಗೆದು. ಮೂರು ಮಾತು ಯಥೇಚ್ಛವಾಯಿತು. ಯಾವ ಬುಡ ಎಂಬುದು ಮಾತ್ರ ಗರಿಯಲ್ಲಿ ಇರಲಿಲ್ಲವಾಗಿ ದೊಡ್ಡಜ್ಜ ಹಿತ್ತಿಲಿನ ಹುಣಸೆಯ ಬುಡ ಅಗೆದ, ಹಲಸಿನ ಬುಡ ಅಗೆದ, ಕೊನೆಗೆ ಯಾವ ಮರವೂ ಇಲ್ಲದ ಕಡೆ, ಹಿಂದೆ ಇಲ್ಲೊಂದು ಮರ ಇದ್ದಿರಬೇಕು ಎಂದು ತರ್ಕ ಮಾಡಿ ಅಗೆದ. ಮೊದಲ ಗುಂಡಿ ತಿಪ್ಪೆಯಾಯಿತು. ಎರಡನೆಯದರಲ್ಲಿ ಹಲಸಿನ ಮರವೇ ಬಿತ್ತು. ಮೂರನೆಯದು ಸುಮ್ಮನೆ ಬಾಯಿ ತೆರೆದುಕೊಂಡಿದ್ದುದನ್ನು ನೋಡಲಾರದೆ ಅಜ್ಜಿ ಅದರಲ್ಲೊಂದು ತೆಂಗಿನ ಸಸಿ ನೆಟ್ಟಳು. ನಾನು ಹುಟ್ಟುವ ಹೊತ್ತಿಗೆ ಅದು ವರ್ಷಕ್ಕೆ ನೂರು ಕಾಯಿ ಬಿಡುತ್ತಿತ್ತು. ತಪ್ಪು ಓದು ಹೀಗೆ ಫಲ ಕೊಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ, ವಿಶ್ವವಿದ್ಯಾಲಯದಲ್ಲಂತೂ ಕಂಡಿಲ್ಲ.

ಮೈಸೂರಿನಲ್ಲಿ ನಾನು ಲಿಪಿ ಓದಲು ಕಲಿತೆ. ದೊಡ್ಡಜ್ಜನ ಹೊನ್ನೇ ಅದಕ್ಕೆ ಕಾರಣ ಎಂದರೆ ಈಗ ನಾಚಿಕೆಯಾಗುತ್ತದೆ, ಆದರೆ ಸುಳ್ಳಲ್ಲ. ಹೇಳಿಕೊಟ್ಟವರು ನಿವೃತ್ತರಾದ ಒಬ್ಬ ಪಂಡಿತರು. ಮನೆಯ ಜಗುಲಿಯಲ್ಲಿ ಕೂತು, ಭೂತಗನ್ನಡಿ ಹಿಡಿದು, ಗರಿಯನ್ನು ಬೆಳಕಿಗೆ ಅಡ್ಡಡ್ಡ ಓರೆ ಮಾಡಿ ಓದುತ್ತಿದ್ದರು. ಗರಿಯ ಮೇಲೆ ಶಾಯಿಯಿಂದ ಬರೆಯುವುದಿಲ್ಲ. ಕಂಠವೆಂಬ ಉಕ್ಕಿನ ಮೊನೆಯಿಂದ ಗೀರುತ್ತಾರೆ. ಆಮೇಲೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಸವರಿ ಒರೆಸಿದರೆ ಗೀರಿನೊಳಗೆ ಕಪ್ಪು ನಿಂತು ಅಕ್ಷರ ಎದ್ದು ಬರುತ್ತದೆ. ಪಂಡಿತರು ನಿಂಬೆಹುಲ್ಲಿನ ಎಣ್ಣೆ ಬಳಸುತ್ತಿದ್ದರು. ಇವತ್ತಿಗೂ ಆ ವಾಸನೆ ಎಲ್ಲಿ ಬಂದರೂ ನನಗೆ ಅವರ ಬೆರಳು ನೆನಪಾಗುತ್ತದೆ: ಗರಿಯ ಮೇಲೆ ತೂಗುತ್ತ, ಮುಟ್ಟಿಯೂ ಮುಟ್ಟದಂತೆ ಸರಿಯುವ ಬೆರಳು.

ಕಲಿಯುವುದೆಂದರೆ ಕಲಿತದ್ದನ್ನು ಮರೆಯುವುದು ಎಂದು ಮೊದಲ ವಾರದಲ್ಲೇ ಗೊತ್ತಾಯಿತು. ಪದಗಳ ನಡುವೆ ಜಾಗವಿಲ್ಲ. ಪೂರ್ಣವಿರಾಮದ ಮಾತೇ ಇಲ್ಲ. ಎ ಮತ್ತು ಏ, ಒ ಮತ್ತು ಓ ಒಂದೇ ರೂಪ; ‘ಕೊಡು’ ಎಂದು ಬರೆದಿದ್ದರೆ ಕೈಯೆತ್ತಿ ಕೊಡಬೇಕೋ ಎತ್ತಿನ ಕೋಡು ಹಿಡಿಯಬೇಕೋ ಸಂದರ್ಭ ನೋಡಿ ನಿರ್ಧರಿಸಬೇಕು. ಮ ಎಂದುಕೊಂಡದ್ದು ವ ಆಗಿರುತ್ತದೆ. ಗರಿಯ ನಾರಿನ ಗುಂಟ ನೇರವಾಗಿ ಗೀರಿದರೆ ಗರಿ ಸೀಳುತ್ತದೆಂದು ಅಕ್ಷರಗಳು ದುಂಡಗಾದವು ಎನ್ನುತ್ತಾರೆ. ಓದುವವನ ಕಣ್ಣೂ ಆ ದುಂಡನ್ನು ಸುತ್ತಿ ಸುತ್ತಿ ದಣಿಯುತ್ತದೆ. ‘ಅಕ್ಷರ ಓದಬೇಡವಯ್ಯ, ಕೈಯನ್ನು ಓದು’ ಎನ್ನುತ್ತಿದ್ದರು ಪಂಡಿತರು. ಬರೆದವನು ಅವಸರದವನೋ ಸಾವಧಾನಿಯೋ, ಸಾಲಿನ ಕೊನೆಗೆ ಬಂದಾಗ ಅಕ್ಷರ ಇಕ್ಕಟ್ಟು ಮಾಡುವವನೋ ಬಿಟ್ಟು ಮುಂದಿನ ಸಾಲಿಗೆ ಹೋಗುವವನೋ. ಹತ್ತು ಗರಿ ಓದುವಷ್ಟರಲ್ಲಿ ಅವನು ನಿಮಗೆ ನೆಂಟನಾಗಿರುತ್ತಾನೆ, ನೆಂಟರ ಹಾಗೇ ಕಿರಿಕಿರಿಯನ್ನೂ ಮಾಡುತ್ತಾನೆ.

ಒಂದು ದಿನ ಪಂಡಿತರು ನಮ್ಮ ಮುಂದೆ ಒಂದು ಪಡಿಯಚ್ಚು ಹರಡಿದರು. ನಮ್ಮ ಕೋಟೆ ಸೀಮೆಯದೇ, ಬೆಳತೂರಿನ ಶಾಸನ, 1057ನೆಯ ಇಸವಿಯದು. ದೇಕಬ್ಬೆಯ ಕಥೆ. ಕುಸ್ತಿಯಲ್ಲಿ ಬಂಧುವನ್ನು ಕೊಂದನೆಂದು ಅವಳ ಗಂಡ ಏಚನಿಗೆ ತಲಕಾಡಿನಲ್ಲಿ ಮರಣದಂಡನೆಯಾಯಿತು. ಸುದ್ದಿ ಕೇಳಿದ ದೇಕಬ್ಬೆ ಹೆತ್ತವರು ಬೇಡವೆಂದರೂ ಕೇಳದೆ ಬೆಂಕಿ ಹೊಕ್ಕಳು. ನಾನು ತಡವರಿಸುತ್ತ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಅವಳ ತಂದೆಯ ಹೆಸರು ರವಿಗ ಎಂದು ಬಂತು. ನುಗುನಾಡಿನವನು ಎಂದು ಬಂತು. ಒಂಬೈನೂರು ವರ್ಷದ ಹಿಂದಿನ ಒಬ್ಬಳು ಹೆಣ್ಣುಮಗಳ ತೌರು, ಗಂಡನ ಮನೆ, ಹಟ ಎಲ್ಲ ಪತ್ತೆಯಾಯಿತು. ಹಾಗೆ ನೋಡಿದರೆ ನನ್ನ ಊರಿನ ಮೊದಲಕ್ಷರ ಬರೀ ನನ್ನ ಕಾಲದ್ದು, ಬಸ್ಸಿನ ಬೋರ್ಡಿನ ಮೇಲೆ ಅಂಗೈಯಗಲ ಬರೆದದ್ದು; ಅದು ಮಾತ್ರ ಪತ್ತೆಯಾಗಲಿಲ್ಲ.

ಪಂಡಿತರಿಗೆ ಶಾಮಾಶಾಸ್ತ್ರಿಗಳ ಕಥೆ ಹೇಳುವುದೆಂದರೆ ಬಹಳ ಪ್ರೀತಿ. 1891ರಲ್ಲಿ ಆರಂಭವಾದ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಒಬ್ಬ ಪಂಡಿತ ಬಂದು ಒಂದು ಗರಿಕಟ್ಟು ಕೊಟ್ಟು ಹೋದ. ಗ್ರಂಥಲಿಪಿಯಲ್ಲಿತ್ತು. ಶಾಸ್ತ್ರಿಗಳು ಬಿಚ್ಚಿ ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದ ಮೇಲೆ ಜಗತ್ತು ಮೈಸೂರಿನ ಕಡೆ ತಿರುಗಿ ನೋಡಿತು. ಈ ಕಥೆ ಮುಗಿಸುವಾಗೆಲ್ಲ ಪಂಡಿತರು, ತಂದುಕೊಟ್ಟವನ ಹೆಸರನ್ನು ಯಾರೂ ಕೇಳುವುದಿಲ್ಲ ನೋಡು, ಎಂದು ಒಂದು ಕ್ಷಣ ಸುಮ್ಮನಾಗುತ್ತಿದ್ದರು. ನನಗಾಗ ಅಟ್ಟದ ಕಟ್ಟು ನೆನಪಾಗಿ ಎದೆ ಹೊಡೆದುಕೊಳ್ಳುತ್ತಿತ್ತು. ನಮ್ಮ ಕಬಿನಿಯ ದಂಡೆಯ ಕಿತ್ತೂರನ್ನೇ ಪುನ್ನಾಟದ ರಾಜಧಾನಿ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಂಥ ಸೀಮೆಯ ಅಟ್ಟದ ಮೇಲೆ ಏನು ತಾನೆ ಇರಲಾರದು?

ಬೇಸಿಗೆ ರಜೆಯಲ್ಲಿ ಕಟ್ಟನ್ನು ಚೀಲದಲ್ಲಿಟ್ಟು, ಮಡಿಲಲ್ಲಿ ಮಗುವಿನಂತೆ ಹಿಡಿದು, ಬಸ್ಸಿನಲ್ಲಿ ಮೈಸೂರಿಗೆ ತಂದೆ. ಪಂಡಿತರು ಕುಂಕುಮದ ಹೊಪ್ಪಳಿಕೆಗಳನ್ನು ಹತ್ತಿಯಿಂದ ಒರೆಸಿ, ಮೊದಲ ಗರಿ ನೋಡಿ, ‘ಜೈಮಿನಿ ಭಾರತ’ ಎಂದರು. ನನ್ನ ಮುಖ ಬಿದ್ದುಹೋಯಿತು. ಲಕ್ಷ್ಮೀಶನ ಜೈಮಿನಿ ಭಾರತವಿಲ್ಲದ ಅಟ್ಟ ಹಳೆಯ ಮೈಸೂರಿನಲ್ಲಿ ಎಷ್ಟಿದ್ದಾವು? ನಮ್ಮ ಹಿರಿಯರೊಬ್ಬರು ಕೂಲಿಮಠದ ಐಗಳಾಗಿದ್ದರಂತೆ. ಮಕ್ಕಳಿಗೆ ಹೇಳಿಕೊಡಲು ಬರೆದುಕೊಂಡ ಪ್ರತಿ. ಕೊನೆಯಲ್ಲಿ ವಿಕಾರಿ ಸಂವತ್ಸರ ಎಂದಿತ್ತು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವ ಸಂಗತಿಯಾದ್ದರಿಂದ 1779 ಆಗಬಹುದು, 1839 ಆಗಬಹುದು, 1899 ಕೂಡ ಆಗಬಹುದು. ತಾತ ಮಾತ್ರ ಓದದೆಯೇ ಅದನ್ನು ಹೈದರಾಲಿಯ ಕಾಲದ್ದೆನ್ನುತ್ತಿದ್ದ. ಪಂಡಿತರು ತಲೆಕಟ್ಟುಗಳನ್ನೂ ಒತ್ತಕ್ಷರಗಳನ್ನೂ ದಿಟ್ಟಿಸಿ ನೋಡಿ, ‘ನಿಮ್ಮ ತಾತನಿಗೆ ಬೇಜಾರಾಗದಿದ್ದರೆ 1839 ಅನ್ನು. ಆದರೆ 99 ಅಂದರೆ ನಾನು ಜಗಳವಾಡುವುದಿಲ್ಲ. ಅಕ್ಷರ ಕಾಲ ಹೇಳುತ್ತದೆ, ಇಸವಿ ಹೇಳುವುದಿಲ್ಲ’ ಎಂದರು.

ಆಮೇಲೆ ಕೊನೆಯ ಗರಿಗಳು ಬಂದವು. ದೊಡ್ಡಜ್ಜನ ಗರಿ ಸಿಕ್ಕಿತು. ನನಗೂ ಮೊದಲು ಕಂಡದ್ದು ಹೊನ್ನವೇ. ಪಂಡಿತರು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, ‘ನ್ನ ತಲೆಯ ಮೇಲೆ ಏನಿದೆ ಸರಿಯಾಗಿ ನೋಡು’ ಎಂದರು. ತಲೆಕಟ್ಟು ಇದ್ದರೆ ನ್ನ, ಎತ್ವ ಇದ್ದರೆ ನ್ನೆ. ಅಚ್ಚಿನಲ್ಲಿ ಎದ್ದು ಕಾಣುವ ಈ ಭೇದ ಗರಿಯ ಮೇಲೆ ಕಂಠದ ಮೊನೆಯ ಒಂದು ಕೊಂಕು ಮಾತ್ರ. ಕಾಡಿಗೆ ಅಲ್ಲಿ ಸರಿಯಾಗಿ ಹಿಡಿದಿರಲಿಲ್ಲ. ಓರೆ ಮಾಡಿದೆ. ಬೆಳಕು ಗೀರಿನೊಳಗೆ ಇಳಿಯಿತು. ಕೊಂಕು ಇತ್ತು. ಹೊನ್ನೆ! ಹೊನ್ನೆ ಬುಡದ ಚಕ್ಕೆ ತೆಗೆದು, ಮೆಣಸಿನೊಡನೆ ಅರೆದು, ದನದ ಹುಣ್ಣಿಗೆ ಹಚ್ಚುವುದು. ನಮ್ಮ ಕಾಡಿನ ತುಂಬ ನಿಂತಿರುವ ಹೊನ್ನೆಮರ. ಗಾಯ ಮಾಡಿದರೆ ಕೆಂಪು ಅಂಟು ಒಸರುತ್ತದಲ್ಲ, ಅದೇ.

ಪಂಡಿತರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಗ್ರಂಥಸಂಪಾದನೆಯಲ್ಲಿ ಒಂದು ಸೂತ್ರವುಂಟು: ಎರಡು ಪಾಠ ಎದುರಾದರೆ ಸುಲಭವಾದದ್ದನ್ನು ನಂಬಬೇಡ, ಕ್ಲಿಷ್ಟವಾದದ್ದೇ ಮೂಲಕ್ಕೆ ಹತ್ತಿರ. ಯಾಕೆಂದರೆ ಮನುಷ್ಯನ ಮನಸ್ಸು ಗೊತ್ತಿಲ್ಲದ್ದನ್ನು ಗೊತ್ತಿರುವುದಕ್ಕೆ, ಬೇಡದ್ದನ್ನು ಬೇಕಾದ್ದಕ್ಕೆ ತಿದ್ದಿಕೊಳ್ಳುತ್ತದೆ. ಹಾಗಾಗಿ ಚಿನ್ನ ಸುಲಭ ಪಾಠ, ತೊಗಟೆ ಕ್ಲಿಷ್ಟ ಪಾಠ. ಒಂದು ಎತ್ವ ತಪ್ಪಿದ್ದಕ್ಕೆ ದೊಡ್ಡಜ್ಜ ಮೂರು ಗುಂಡಿ ತೋಡಿದ.

ಈ ಸಂಶೋಧನೆಯನ್ನು ಹೊತ್ತುಕೊಂಡು ಊರಿಗೆ ಓಡಿದೆ. ತಾತ ಆಗಲೇ ಇರಲಿಲ್ಲ. ಅಜ್ಜಿ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಎದುರಿಗೆ ನಿಂತು, ಗಂಟಲು ಸರಿಮಾಡಿಕೊಂಡು, ಬರೆದುಕೊಂಡು ಬಂದಿದ್ದ ಚೀಟಿಯನ್ನು ಗಂಭೀರವಾಗಿ ಓದತೊಡಗಿದೆ. ಹೊನ್ನೆ ಬುಡದ ಚಕ್ಕೆ ತೆಗೆದು... ಅಜ್ಜಿ ತಲೆಯೆತ್ತಲಿಲ್ಲ. ಮೆಣಸಿನೊಡನೆ ಅರೆದು... ಅಜ್ಜಿಯ ಕೈ ನಿಂತಿತು.

‘ಅರಿಸ್ನ?’ ಎಂದಳು.

ಅರಿಸಿನ ಇಲ್ಲವಲ್ಲ ಅಜ್ಜಿ, ಎಂದೆ.

‘ಅರಿಸ್ನ ಬುಟ್ಬುಟ್ಟವ್ನೆ ಕನ್ ಮಗ. ಮೆಣಸು ಅರ್ದು, ಆಮ್ಯಾಕೆ ಅರಿಸ್ನನೂವೆ ಅರ್ದು, ಹಚ್ಚದು. ಅರಿಸ್ನ ಇಲ್ದೆ ಹುಣ್ಣು ಮಾಯ್ತದಾ?’

ಅವಳಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಆ ಕಟ್ಟಿಗೆ ಪ್ರತಿವರ್ಷ ಕುಂಕುಮ ಹಚ್ಚುತ್ತಿದ್ದವಳು ಅವಳೇ. ಅದರೊಳಗಿನದನ್ನು ಪ್ರತಿವರ್ಷ ಅರೆದು ದನಕ್ಕೆ ಹಚ್ಚುತ್ತಿದ್ದವಳೂ ಅವಳೇ. ಎರಡೂ ಒಂದೇ ಎಂದು ಅವಳಿಗೂ ಗೊತ್ತಿರಲಿಲ್ಲ, ಕೇಳುವ ಬುದ್ಧಿ ನಮಗೂ ಬಂದಿರಲಿಲ್ಲ. ಅವಳಿಗೆ ಅತ್ತೆ ಹೇಳಿಕೊಟ್ಟದ್ದು, ಅತ್ತೆಗೆ ಅವಳತ್ತೆ. ಮೈಸೂರಿಗೆ ಹಿಂತಿರುಗಿ ಪಂಡಿತರಿಗೆ ಹೇಳಿದಾಗ ಅವರು ಗರಿಯನ್ನು ಮತ್ತೆ ತೆಗೆದರು. ‘ಸರಿ ಮತ್ತೆ. ಐಗಳು ಇನ್ನೊಂದು ಗರಿ ನೋಡಿಕೊಂಡು ಬರೆದಿದ್ದಾರೆ. ಅಲ್ಲಿ ಅರೆದು ಅಂತ ಎರಡು ಸಲ ಇತ್ತು. ಕಣ್ಣು ಮೊದಲನೆಯ ಅರೆದುವಿನಿಂದ ಎರಡನೆಯ ಅರೆದುವಿಗೆ ಹಾರಿದೆ. ನಡುವಿನ ಅರಿಸಿನ ಬಿದ್ದುಹೋಗಿದೆ. ನೂರೈವತ್ತು ವರ್ಷದ ತಪ್ಪನ್ನು ನಿಮ್ಮ ಅಜ್ಜಿ ಅವರೆಕಾಯಿ ಬಿಡಿಸುತ್ತ ತಿದ್ದಿದ್ದಾರೆ.’ ನೋಡಿ ಬರೆಯುವ ಮೂಲಪ್ರತಿಗೆ ನಮ್ಮ ಶಾಸ್ತ್ರದಲ್ಲಿ ಮಾತೃಕೆ ಎನ್ನುತ್ತಾರೆ. ಆ ಮಾತಿನಲ್ಲಿ ತಾಯಿ ಇದ್ದಾಳೆಂದು ನನಗೆ ಆ ದಿನದವರೆಗೆ ಹೊಳೆದಿರಲಿಲ್ಲ.

ಅಂಥ ಮದ್ದಿನ ಗರಿಗಳು ಇನ್ನೂ ಏಳಿದ್ದವು. ಒಂದರ ಅಂಚನ್ನು ಹುಳ ತಿಂದಿತ್ತು, ಇನ್ನೊಂದರ ಅಕ್ಷರಗಳು ಸವೆದಿದ್ದವು. ಮುಂದಿನ ರಜೆಯಲ್ಲಿ ಎಲ್ಲವನ್ನೂ ಅಜ್ಜಿಯ ಮುಂದೆ ಓದುವುದೆಂದು ನಿಶ್ಚಯಿಸಿದೆ. ಮುಂದಿನ ರಜೆಯಲ್ಲಿ ಪರೀಕ್ಷೆ ಬಂತು. ಅದರ ಮುಂದಿನದರಲ್ಲಿ ಕೆಲಸದ ಹುಡುಕಾಟ. ಆಮೇಲೆ ರಜೆಯಿತ್ತು, ಅಜ್ಜಿ ಇರಲಿಲ್ಲ. ಹಳೆಯ ಲಿಪಿಕಾರರು ಗ್ರಂಥದ ಕೊನೆಯಲ್ಲಿ ತಮ್ಮ ಬೆನ್ನು ಬಗ್ಗಿದ್ದನ್ನು, ಕುತ್ತಿಗೆ ಸೋತದ್ದನ್ನು ಹೇಳಿಕೊಂಡು, ಇದನ್ನು ಎಣ್ಣೆ ನೀರುಗಳಿಂದ ಕಾಪಾಡಿ, ಮೂರ್ಖನ ಕೈಗೆ ಕೊಡಬೇಡಿ ಎಂದು ಅಂಗಲಾಚುವುದುಂಟು. ಆ ಮೂರ್ಖ ಯಾರೆಂದು ನಾನು ಬಹಳ ದಿನ ಬೇರೆಯವರ ಕಡೆ ಬೆರಳು ತೋರಿಸುತ್ತಿದ್ದೆ.

ಮೊನ್ನೆ ಗರಿಗಳ ಚಿತ್ರ ತೆಗೆಯಲು ಒಬ್ಬ ಹುಡುಗ ಬಂದಿದ್ದ. ಈಗ ಹಸ್ತಪ್ರತಿಗಳಿಗೆ ಶುಕ್ರದೆಸೆ. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಶುರುವಾಗಿತ್ತು. 2025ರ ಕೇಂದ್ರ ಬಜೆಟ್ಟಿನಲ್ಲಿ ಜ್ಞಾನಭಾರತಂ ಎಂದು ಹೊಸದಾಗಿ ಹೆಸರಿಟ್ಟು ಒಂದು ಕೋಟಿಗೂ ಮಿಕ್ಕಿದ ಹಸ್ತಪ್ರತಿಗಳನ್ನು ದಾಖಲಿಸುವ ಮಾತು ಬಂತು. ಆ ಇನ್ನೊಂದು ಬೇಗೂರಿನ ಸುತ್ತಮುತ್ತಲಿನ, ಬೆಂಗಳೂರಿನ ಶಾಸನಗಳನ್ನೆಲ್ಲ ಮಿಥಿಕ್ ಸೊಸೈಟಿಯವರು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕೈಗೆ ಹತ್ತದ ಸವೆದ ಅಕ್ಷರ ಪರದೆಯ ಮೇಲೆ ಹತ್ತುತ್ತದೆ. ಸಂತೋಷವೇ. ಚಿತ್ರ ತೆಗೆಯುವವರು ಹೆಚ್ಚಿದ್ದಾರೆ, ಓದುವವರು ಮಾತ್ರ ಬೆರಳೆಣಿಕೆಗೆ ಇಳಿದಿದ್ದಾರೆ. ಇದು ನಮ್ಮೊಬ್ಬರ ಗೋಳಲ್ಲ. 2010ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ತನ್ನಲ್ಲಿದ್ದ ಪ್ರಾಚೀನ ಲಿಪಿಶಾಸ್ತ್ರದ ಪೀಠವನ್ನು ಮುಚ್ಚುವುದಾಗಿ ಹೇಳಿದಾಗ ದೇಶದೇಶದ ವಿದ್ವಾಂಸರು ಹುಯಿಲೆಬ್ಬಿಸಿದ್ದರು. ರಾಣಿಯ ದೇಶದಲ್ಲೇ ಹಾಗಾದರೆ ಎಂದು ಪಂಡಿತರು ಇದ್ದಿದ್ದರೆ ಎಲೆಯಡಿಕೆ ಮಡಚುತ್ತ ಹೇಳುತ್ತಿದ್ದರೇನೋ.

ಹುಡುಗ ವಿನಯವಂತ. ಕ್ಯಾಮೆರಾದ ಕೆಳಗೆ ಒಂದೊಂದೇ ಗರಿ ಇಟ್ಟು ಚಿತ್ರ ತೆಗೆದ. ಆಮೇಲೆ, ‘ನಾವು ಗೆಳೆಯರು ಒಂದು ಪ್ರೋಗ್ರಾಮಿಗೆ ಓಲೆಗರಿ ಓದೋದು ಕಲಿಸ್ತಿದೀವಿ ಸಾರ್, ನೋಡ್ತೀರಾ?’ ಎಂದು ಲ್ಯಾಪ್‌ಟಾಪ್ ತಿರುಗಿಸಿದ. ನಾನು ಬೇಕೆಂದೇ ಆ ಗರಿಯ ಚಿತ್ರ ತೋರಿಸಿದೆ. ಒಂದು ಕ್ಷಣವೂ ಆಗಲಿಲ್ಲ. ನಾನು ಎರಡು ವರ್ಷ ಜಗುಲಿಯಲ್ಲಿ ಕೂತು ಕಲಿತದ್ದು ಸಾಲುಸಾಲಾಗಿ ಪರದೆಯ ಮೇಲೆ ಬಂದು ನಿಂತಿತು. ಹೊನ್ನ ಬುಡದ ಚಕ್ಕೆ ತೆಗೆದು.

ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ಹುಡುಗ ಗಾಬರಿಯಾದ. ಯಂತ್ರವೂ ನಮ್ಮ ದೊಡ್ಡಜ್ಜನ ವಂಶದ್ದೇ! ಅವನಿಗೆ ಗುಂಡಿಗಳ ಕಥೆ ಹೇಳಿದೆ. ಗರಿ ಓರೆ ಮಾಡಿ ಕೊಂಕು ತೋರಿಸಿದೆ. ಅವನು ಬಗ್ಗಿ ನೋಡಿದ, ಮತ್ತೆ ನೋಡಿದ, ‘ಹೌದು ಸಾರ್’ ಎಂದು ಒಂದು ಎತ್ವ ಒತ್ತಿದ. ‘ಇನ್ಮೇಲೆ ಅದಕ್ಕೆ ನೆನಪಿರತ್ತೆ’ ಎಂದ. ನನಗೆ ನಂಬಿಕೆ ಬಂತು. ಮನುಷ್ಯರು ಓದಿ ತಿದ್ದಿ ಕೊಟ್ಟಷ್ಟೂ ಅದು ಕಲಿಯುತ್ತದಂತೆ. ಕೊಡುವವರು ಇರುವವರೆಗೆ ಚಿಂತೆಯಿಲ್ಲ. ಅವನು ಗರಿ ಓರೆ ಮಾಡಿದ್ದನ್ನು ನೋಡಿದೆ. ಬೆರಳು ಮುಟ್ಟಿಯೂ ಮುಟ್ಟದ ಹಾಗಿತ್ತು. ಇವನಿಗೆ ಬಂದೀತು ಅನ್ನಿಸಿತು.

ಹೊರಡುವ ಮುಂಚೆ ಒಂದು ನಮೂನೆ ತುಂಬಬೇಕಿತ್ತು. ಗ್ರಂಥದ ಹೆಸರು, ಲಿಪಿ, ಗರಿಗಳ ಸಂಖ್ಯೆ, ಸ್ಥಿತಿ, ಊರು. ಎನ್. ಬೇಗೂರು ಎಂದು ಬರೆಸಿದೆ. ‘ಎನ್ ಅಂದ್ರೆ ಸಾರ್? ಪೂರ್ತಿ ಬರೀಬೇಕಂತೆ.’ ಅಜ್ಜಿಯನ್ನು ಕೇಳಬಹುದಿತ್ತು. ಇಷ್ಟು ವರ್ಷದಲ್ಲಿ ಅದೊಂದನ್ನು ನಾನು ಅವಳನ್ನು ಕೇಳಿಯೇ ಇರಲಿಲ್ಲ. ಎನ್ ಎಂದೇ ಇರಲಿ ಎಂದೆ. ಮುಂದೆ ಯಾರಾದರೂ ಪಂಡಿತರು ಕೂತು ಜಗಳವಾಡಲಿ.

ನಮೂನೆಯ ತುದಿಯಲ್ಲಿ ಷರಾ ಎಂಬ ಒಂದು ಕಲಮು ಖಾಲಿ ಉಳಿದಿತ್ತು. ಹುಡುಗನ ಕೈಯಿಂದ ಪೆನ್ನು ಇಸಿದುಕೊಂಡು, ಅರಿಸಿನವನ್ನೂ ಅರೆದು ಹಾಕಬೇಕು ಎಂದು ನನ್ನ ಕೈಯಲ್ಲೇ ಬರೆದೆ.